ಇತ್ತಂತೆ

ಮೆರ್ಸಿನ್ ಬಂದರಿನ ದೊಡ್ಡಾಸ್ಪತ್ರೆಯಲ್ಲಿ
ಇಪ್ಪತ್ತಾರು ವರ್ಷ ಬೆರಳಚ್ಚುಗಾರ್ತಿ ನಾನು.
ಹೇಳಿದ್ದನ್ನು ಹೇಳಿದ ಹಾಗೇ ಒತ್ತುವುದು ಕೆಲಸ.
ಒಂದು ಸಲ ಒತ್ತಲಿಲ್ಲ. ಆ ಮಾತಿಗೆ ಬರುತ್ತೇನೆ.

ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವಳು ಹಝಲ್,
ಮಾರ್ದಿನ್ ಕಡೆಯವಳು, ಕುರ್ದಿ ಮನೆಮಾತು.
ನಮ್ಮ ತುರ್ಕಿಯನ್ನು ಅವಳು ಆಡುತ್ತಿದ್ದುದು
ಬೇರೆಯವರ ಚಪ್ಪಲಿ ಮೆಟ್ಟಿ ನಡೆದ ಹಾಗೆ.
ಹುಟ್ಟಿದ್ದು ದ್ರಾಕ್ಷಿತೋಟದಲ್ಲಿ. ಮೂಗು ಅಲ್ಲೇ ಕಲಿತದ್ದು:
ಯಾವ ಗೊಂಚಲು ನಾಳೆಗೆ, ಯಾವುದು ಕಾಕಂಬಿಗೆ,
ಯಾವುದು ಒಳಗೊಳಗೇ ಕೆಟ್ಟಿದೆ.

ಸುಟ್ಟಗಾಯದ ವಾರ್ಡಿನ ಹಾಸುಬಟ್ಟೆ
ಗಂಟುಗಂಟಾಗಿ ಕೆಳಗಿಳಿಯುತ್ತಿತ್ತು.
ಕಿಟಕಿ ಪಕ್ಕದ ಮೂರನೇ ಮಂಚದ್ದನ್ನು ಬಿಚ್ಚಿದಾಗ
ಹಸಿರು ತಿರುಗಿದ ಕಲೆ, ಅದರಿಂದ
ಕಳಿತ ದ್ರಾಕ್ಷಿಯ ಸಿಹಿ.
ಮೆಟ್ಟಿಲು ಹತ್ತಿ ಬಂದಳು.
ಹೆಡ್ ನರ್ಸ್ ಅಂದಳು: ಸೋಪು ಬದಲಿಸಿ ನೋಡು.
ಮರುದಿನ ಮತ್ತೆ ಬಂದಳು.
ಮೂರನೇ ದಿನ ಕಾವಲಿನವನು ಮೆಟ್ಟಿಲಲ್ಲೇ ತಡೆದ.

ಮಂಚದಲ್ಲಿದ್ದವನು ಸೆರ್ಹತ್, ಒಂಬತ್ತು ವರ್ಷ,
ಸಮೋವರ್ ಮಗುಚಿಕೊಂಡ ಹುಡುಗ.

ವಿಚಾರಣೆ ನಡೆಯಿತು. ಉದ್ದ ಮೇಜು, ಐವರು,
ಕೊನೆಯಲ್ಲಿ ನಾನು, ನನ್ನ ಯಂತ್ರ.
ಒಗೆತದ ನಡುವಿನಿಂದ ಹಝಲಳನ್ನು ಕರೆಸಿದ್ದರು.
ನಿಂತೇ ಹೇಳಿದಳು; ಕೂರು ಅನ್ನಲು
ಯಾರಿಗೂ ನೆನಪಾಗಲಿಲ್ಲ.
"ದ್ರಾಕ್ಷಿ ವಾಸನೆ ಇತ್ತು. ನಾಲ್ಕು ದಿನ ಮೊದಲೇ ಇತ್ತು."
ಎಷ್ಟರವರೆಗೆ ಓದಿದ್ದೀಯಮ್ಮ? ಅಂದರು ಮುಖ್ಯ ವೈದ್ಯರು.
ಕೆಟ್ಟವರಲ್ಲ ಅವರು, ನನ್ನ ತಾಯಿಯ ಕಣ್ಣಿನ ಪೊರೆ
ದುಡ್ಡಿಲ್ಲದೆ ತೆಗೆಸಿಕೊಟ್ಟವರು.
ಆ ವಾಸನೆಗೆ ಅವಳ ಮನೆಮಾತಲ್ಲಿ ಒಂದು ಪದವಿತ್ತು,
ಹಣ್ಣು ಕೊಳೆಯುವ ಮುಂಚಿನ ಒಂದೇ ದಿನಕ್ಕೆ ಸಲ್ಲುವ ಪದ.
ಹೇಳಿದಳು. ತುರ್ಕಿಯಲ್ಲಿ ಹೇಳು ಅಂದರು.
ತುರ್ಕಿಯಲ್ಲಿ ಅದು ಇರಲಿಲ್ಲ.
ಕಡತದಲ್ಲಿ ಮೂರು ಚುಕ್ಕೆ ಇಟ್ಟೆ.

ಆಮೇಲೆ ನನ್ನ ಬೆರಳು ಮಾಡಿದ್ದು:
ಅವಳು ಇತ್ತು ಅಂದಳು.
ನಾನು ಇತ್ತಂತೆ ಎಂದು ಒತ್ತಿದೆ.
ಯಾರೂ ಹೇಳಿಕೊಟ್ಟಿರಲಿಲ್ಲ.
ಕಣ್ಣಾರೆ ಕಾಣದ್ದಕ್ಕೆ ನಮ್ಮ ಮಾತಿನಲ್ಲಿ
ಒಂದು ಬಾಲವಿದೆ, ಕ್ರಿಯಾಪದದ ತುದಿಗೆ ಅಂಟುವುದು;
ಅಜ್ಜಿಕತೆಗೆ, ನೆರೆಮನೆಯ ಜಗಳಕ್ಕೆ ಆಗುವುದು.
ಕೈಯಾರೆ ಬಿಚ್ಚಿ ನೋಡಿದವಳ ಮಾತಿಗೆ ಅದನ್ನು ಹಚ್ಚಿದೆ.
ಮುಖ್ಯ ವೈದ್ಯರ "ಗಮನಿಸಲಾಗಿದೆ"ಗೆ ಹಚ್ಚಲಿಲ್ಲ.
ಅಂತೆ ಕಂತೆಯಾಯಿತು; ಕಂತೆಗೆ ದಾರ ಕಟ್ಟಿ
ಬೀರುವಿನಲ್ಲಿಟ್ಟೆ.

ಹನ್ನೊಂದು ದಿನಕ್ಕೆ ಲ್ಯಾಬಿನ ಚೀಟಿ ಬಂತು:
ವಾರ್ಡಿನ ಸಿಂಕಿನ ಕೊಳವೆ. ಹಸಿರು ಕಾರುವ ಕ್ರಿಮಿ.
ಮುಂದಿನ ವಸಂತದಲ್ಲಿ ಅಂಕಾರಾದ ಸಭೆಗೆ
ಅವರ ಪ್ರಬಂಧವನ್ನೂ ನಾನೇ ಟೈಪು ಮಾಡಿದೆ.
"ದ್ರಾಕ್ಷಿಯನ್ನು ಹೋಲುವ ವಾಸನೆಯೇ
ಮೊದಲ ಸೂಚನೆಯೆಂದು ನಾವು ಕಂಡುಕೊಂಡೆವು."
ನಾವು. ಎರಡೇ ಅಕ್ಷರ. ಅದರೊಳಗೆ ಎಷ್ಟು ಜನಕ್ಕೆ ಜಾಗ,
ಒಬ್ಬಳನ್ನು ಬಿಟ್ಟು.

ಹಝಲ್ ದೂರಲಿಲ್ಲ. ಏನೆಂದು ಹೆಸರಿಟ್ಟು ದೂರುವುದು?
ಕೈಗಡಿಯಾರ ಕದ್ದರೆ ಠಾಣೆಯುಂಟು.
ಹೋದ ವರ್ಷ ಬಸ್ಸಿನಲ್ಲಿ ಅವಳ ಮಗಳು ಸಿಕ್ಕಿದ್ದಳು:
ಹಾಲು ಒಡೆದಿದೆಯಾ ನೋಡು ಅಂತ
ಅಮ್ಮ ಈಗ ಲೋಟ ನನ್ನ ಮುಂದೆ ಹಿಡೀತಾಳೆ.
ಮೂಸುವುದನ್ನೇ ಬಿಟ್ಟಿದ್ದಾಳಂತೆ.

ಇದು ಅಂತೆಯೇ. ನಾನು ಕಂಡದ್ದಲ್ಲ.
ಕಂಡದ್ದು ಇಷ್ಟು: ಅಂದು ಅವಳ ಒದ್ದೆ ಕೈಯಿಂದ
ತೊಟ್ಟಿಕ್ಕಿ ತೊಟ್ಟಿಕ್ಕಿ, ಮೇಜಿನ ಮುಂದೆ ನೆಲದ ಮೇಲೆ
ಅಂಗೈಯಗಲ ನೀರು.
ಇತ್ತು.