ಸಿಂಬಿ

ಅಕ್ರಾದ ದಾಖಲೆ ಕಚೇರಿಯಲ್ಲಿ ಫ್ಯಾನು ಹಾಕುವುದಿಲ್ಲ,
ಹಾಕಿದರೆ ಸತ್ತವರು ಹಾರಿಹೋಗುತ್ತಾರೆ.
ಎರಡನೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ಬಂದ ಗುಮಾಸ್ತೆ
ರಟ್ಟಿನ ಪೆಟ್ಟಿಗೆ ನನ್ನ ಮುಂದೆ ನೂಕಿದಳು:
‘ನಿಮ್ಮ ಅಜ್ಜ ಇದರಲ್ಲಿ ಮೂರು ಜನ ಇದ್ದಾರೆ.’

ಮೂವರೂ ಅತಿಂಗಾ ಫ್ರಾಫ್ರಾ.
ಬರೆದುಕೊಂಡ ದೊರೆಗೆ ನಮ್ಮ ಹಿರಿಯರ ಹೆಸರು ನಾಲಿಗೆಗೆ ಹತ್ತಲಿಲ್ಲ,
ಕುಲದ ಹೆಸರನ್ನೇ ಎಲ್ಲರ ಬೆನ್ನಿಗೂ ಅಂಟಿಸಿದ,
ಸಂತೆಯಲ್ಲಿ ಕೊಂಡ ದನಕ್ಕೆ ಬರೆ ಎಳೆದ ಹಾಗೆ.
ಅತಿಂಗಾ ಎಂದರೆ ನೆಲಕ್ಕೆ ಸೇರಿದವನು.
ಯಾವ ನೆಲಕ್ಕೆ ಎಂದು ಹೆಸರಿನಲ್ಲಿ ಇಲ್ಲ.

ಒಬ್ಬ ಹಡಗಿನಲ್ಲೇ ಜ್ವರ ಬಂದು ಸತ್ತ.
ಒಬ್ಬ ತಿರುಗಿ ಬಂದ, ಕುಮಾಸಿಯಲ್ಲಿ ಸೈಕಲ್ಲು ಕದ್ದು ಜೈಲು ಸೇರಿದ.
(ಇವನೇ ನಮ್ಮವನಾಗಲಿ ಅಂದುಕೊಂಡೆ ಒಂದು ಗಳಿಗೆ.
ಕಳ್ಳನಾದರೂ ಮುದುಕನಾಗಿರುತ್ತಿದ್ದ.)
ಮೂರನೆಯವನ ಊರು ಸುಂಬ್ರುಂಗು.
ಎಡಗೆನ್ನೆಯಲ್ಲಿ ಮೂಗಿನಿಂದ ಇಳಿದ ಗೀರು.
ಹೆಂಡತಿ, ಅಯಂಪೊಕ.
ಅಜ್ಜಿಯ ಹೆಸರೊಂದನ್ನು ಹೇಗೋ
ತಪ್ಪಿಲ್ಲದೆ ಬರೆದಿದ್ದಾರೆ.

ಬರ್ಮಾ. ಕಲಾದಾನ್ ನದಿಯ ಕಣಿವೆ. ಮಾರ್ಚ್ ತಿಂಗಳು.
‘ಕಾಳಗದಲ್ಲಿ ಮಡಿದ.’
ಇಷ್ಟು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.
ಉಳಿದದ್ದನ್ನು ಅಪ್ಪ ತಾವೇ ಕಟ್ಟಿ ನಿಲ್ಲಿಸಿದ್ದರು:
ನಿನ್ನಜ್ಜ ಗುಡ್ಡದ ತುದಿಯಲ್ಲಿ, ಒಬ್ಬನೇ, ಮೆಷಿನ್‌ಗನ್ನು ಹಿಡಿದು,
ಕೆಳಗೆ ಶತ್ರುಗಳು ಇರುವೆಸಾಲು.
ಪಿಟೊ ಕುಡಿದ ಸಂಜೆಗಳಲ್ಲಿ ಗುಡ್ಡ
ಇನ್ನೂ ಒಂದಾಳು ಎತ್ತರ ಬೆಳೆಯುತ್ತಿತ್ತು.

ಹಾಳೆ ಮಗುಚಿದೆ.
ಕೆಲಸ: ತಲೆಹೊರೆ.
ಬಂದೂಕು: ಕೊಟ್ಟಿಲ್ಲ.

ಆ ಕಣಿವೆಗೆ ರಸ್ತೆ ಇರಲಿಲ್ಲವಂತೆ.
ಲಾರಿ ಹೋಗದಲ್ಲಿ ಹೇಸರಗತ್ತೆ,
ಹೇಸರಗತ್ತೆಯೂ ಹೋಗದಲ್ಲಿ ನಮ್ಮವರ ಕತ್ತು.
ನಲವತ್ತು ಪೌಂಡು ಅಕ್ಕಿ. ಮಾರನೆಯ ದಿನ ಗುಂಡಿನ ಪೆಟ್ಟಿಗೆ.
ಅದರ ಮಾರನೆಯ ದಿನ
ನರಳುವ ಒಬ್ಬ ಮನುಷ್ಯ, ಆಮೇಲೆ ಮತ್ತೆ ಅಕ್ಕಿ.
ಕಾಳಗದಲ್ಲಿ ಮಡಿದದ್ದು ಸುಳ್ಳಲ್ಲ.
ಅವನ ಪಾಲಿಗೆ ಬಂದ ಕಾಳಗ ನಡೆಯುವುದಾಗಿತ್ತು.

ನಮ್ಮ ಕಡೆ ಗಂಡಸು ತಲೆಯ ಮೇಲೆ ಹೊರುವುದಿಲ್ಲ.
ಹೆಗಲು ಅವನದು, ತಲೆ ಹೆಂಗಸಿನದು.
ಹೊತ್ತು ಬಂದವನನ್ನು ನೋಡಿ
ಬಾವಿಕಟ್ಟೆ ಮೂರು ತಿಂಗಳು ನಗುತ್ತದೆ.

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಗುಡ್ಡ ಬರುತ್ತಿರಲಿಲ್ಲ.
ಒಂದು ಕಳ್ಳತನ ಬರುತ್ತಿತ್ತು.
ಅವನು ಪಟ್ಟಿಗೆ ಸೇರಲು ಹೋದ ಬೆಳಿಗ್ಗೆ
ನೀರಿಗೆ ಹೊರಟರೆ, ಗೂಟದಲ್ಲಿ ಸಿಂಬಿ ಇಲ್ಲ.
ಹುಲ್ಲು ನೆನೆಸಿ, ಹೊಸೆದು, ಕೆಂಪು ಬಟ್ಟೆಯಂಚು ಸುತ್ತಿದ್ದು,
ಮೂರು ವರ್ಷ ನೆತ್ತಿಗೆ ಒಗ್ಗಿದ್ದು.
ಪಕ್ಕದಂಗಳದ ಅಸಿಬಿಯೇ ಕದ್ದಳೆಂದು
ಊರು ಕೇಳುವಂತೆ ಬೈದಳಂತೆ.
ಅಸಿಬಿಯೂ ಬಿಡಲಿಲ್ಲ.
ಇಬ್ಬರಿಗೂ ಹಲ್ಲುದುರಿ, ಕಣ್ಣು ಮಂಜಾಗಿ,
ಒಂದೇ ಮರದ ನೆರಳಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದದ್ದು
ನನಗೆ ನೆನಪಿದೆ.

ಕೊನೆಯ ಹಾಳೆ, ಹೆಣದ ಮೇಲೆ ಸಿಕ್ಕ ವಸ್ತುಗಳು.
ಚಾಕು, ಒಂದು.
ತಗಡಿನ ಡಬ್ಬಿ, ಒಂದು, ಖಾಲಿ.
ಹುಲ್ಲಿನ ಬಳೆ, ಒಂದು, ತುಂಬ ಸವೆದದ್ದು, ಕೆಂಪು ನೂಲು.
ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ:
‘ತಾಯಿತ ಇರಬಹುದು.’

ಹಾಗಾದರೆ ಗೊತ್ತಿತ್ತು ಅವನಿಗೆ.
ಬಾಗಿಲಲ್ಲಿ ನಿಂತು ಬಂದೂಕು ಕೊಡುತ್ತಾರೆ ಎಂದವನು
ಅಂಗಿಯೊಳಗೆ ಹೆಂಡತಿಯ ಸಿಂಬಿ ಮುಚ್ಚಿಕೊಂಡಿದ್ದ.

ಗುಮಾಸ್ತೆ ಗಡಿಯಾರ ನೋಡುತ್ತಿದ್ದಾಳೆ.
ಹೊರಗೆ ಮೆಟ್ಟಿಲ ಮೇಲೆ ಕೂತರೆ ಅಪ್ಪನ ಫೋನು.
ತೊಂಬತ್ತರ ಹತ್ತಿರದ ದನಿ, ಮಗುವಿನ ಅವಸರ:
‘ಸಿಕ್ಕಿತಾ ಲಮಿಸಿ? ಯಾವ ಗನ್ನು ಅಂತ ಬರೆದಿದ್ದಾರಾ?’

ಸ್ವಲ್ಪ ಹೊತ್ತು ಬೀದಿಯ ಸದ್ದನ್ನೇ ಅವರಿಗೆ ಕೇಳಿಸಿದೆ.
ಆಮೇಲೆ ಕೇಳಿದೆ:
ಅಸಿಬಿಯ ಮನೆಯಲ್ಲಿ ಈಗ ಯಾರಿದ್ದಾರೆ, ಅಪ್ಪಾ?