ಜಪಾನಿ ಅತ್ತೆಯ ಪಟ್ಟಿ

ಅತ್ತೆಯ ಹೆಸರು ಜಪಾನಿ.
ಅವಳು ಹುಟ್ಟಿದ ವಾರ ಅಜ್ಜ ಆ ದೇಶದ ರೇಡಿಯೋ ಒಂದನ್ನು
ದಾವಣಗೆರೆ ಮಂಡಿಪೇಟೆಯಲ್ಲಿ ಕೇಳಿದ್ದನಂತೆ,
ಅಂಗಡಿಯ ಹೊರಗೆ ನಿಂತು.
ಅವಳು ಜಪಾನಿಗೆ ಹೋಗಿಲ್ಲ.
ಗ್ಯಾಬೊನಿಗೆ ನಾಲ್ಕು ಸಲ, ಮಾಲಿಗೆ ಎರಡು,
ಸುಡಾನಿಗೆ ಒಂದು.

ಚನ್ನಗಿರಿ ದಾಟಿ, ಸೂಳೆಕೆರೆ ಏರಿಗೆ ಬೆನ್ನು ಮಾಡಿ
ಕೂತಿದೆ ನಮ್ಮ ಹಕ್ಕಿಪಿಕ್ಕಿ ಕ್ಯಾಂಪು.
ಈ ವಾರ ಬೀದಿಗೆಲ್ಲ ಒಂದೇ ವಾಸನೆ:
ಕೊಬ್ಬರಿ ಎಣ್ಣೆ, ಮೆಂತ್ಯ, ಗರುಗದ ಸೊಪ್ಪು,
ಹೊರಗಿನವರಿಗೆ ಹೆಸರು ಹೇಳದ ಎರಡು ಬೇರು.
ಮೂರು ಕಲ್ಲಿನ ಒಲೆ ಮುಂದೆ ಕೂತು ಅವಳು ಹೇಳುತ್ತಾಳೆ.
ಹತ್ತನೇ ಕ್ಲಾಸಿನ ಹಳೇ ನೋಟ್‌ಬುಕ್ಕಿನಲ್ಲಿ ನಾನು ಗೆರೆ ಎಳೆದಿದ್ದೇನೆ:
ದೇಶ. ದುಡ್ಡು. ಭಯ. ಬಾಗಿಲು.

ಕೂದಲು ಎಲ್ಲಿ? ಅಂದಳು.
ಕೂದಲಿಗೆ ಕಾಲಂ ಇಲ್ಲ ಅತ್ತೆ.
ಹಾಕು ಮತ್ತೆ. ತಲೆಕೂದಲ ಚಿಂತೆಯೇ ಇಲ್ಲದ ಊರಲ್ಲಿ
ಎಷ್ಟು ದುಡ್ಡಿದ್ದರೆ ನಮಗೇನು?

ಗ್ಯಾಬೊನು. ಹೆಂಗಸರು ಬಾಟಲಿ ಮೂಸಿ, ಮುಂಗೈಗೆ ಸವರಿಕೊಂಡು
ಚೌಕಾಸಿ ಇಲ್ಲದೆ ಕೊಡ್ತಾರೆ. ಬಾಡಿಗೆ ಮಾತ್ರ ನೆತ್ತರು ಕುಡೀತದೆ.
ಪೊಲೀಸರು ಕಾಗದ ಕೇಳ್ತಾರೆ, ತಿರುಗಿಸಿ ಮುರುಗಿಸಿ ನೋಡಿ
ಊಟಕ್ಕೇನಾದರೂ ಕೊಡು ಅಂತಾರೆ.
ಭಯ, ಹತ್ತಕ್ಕೆ ಮೂರು ಹಾಕು.

ಮಾಲಿ. ಸೆಕೆ. ದುಡ್ಡು ಕಮ್ಮಿ.
ಮನೆ ಒಡತಿ ತನ್ನ ಮಕ್ಕಳು ಉಣ್ಣೋ ಗಂಗಾಳಕ್ಕೇ
ನನ್ನ ಕೈ ಹಿಡಿದು ಎಳೆದಳು.
ಅದಕ್ಕೆ ಎಷ್ಟು ಹಾಕ್ತೀಯ?
ಯಾವ ಮನೆಗೂ ಹೊಂದದೆ ನಾನದನ್ನು ಅಂಚಿನಲ್ಲಿ ಬರೆದೆ.

ಸಿಂಗಾಪುರ. ನಡುರಾತ್ರಿ ಬಂಗಾರ ಹಾಕ್ಕೊಂಡು ಓಡಾಡು, ಯಾರೂ ಮುಟ್ಟಲ್ಲ.
ಆದರೆ ಏರ್‌ಪೋರ್ಟಿನಲ್ಲಿ ಬಾಟಲಿಗಳನ್ನ ಸಾಲಾಗಿ ನಿಲ್ಲಿಸಿ
ಹುಡುಗನೊಬ್ಬ ಒಂದೊಂದೇ ಸುರಿದ,
ನಗುನಗುತ್ತ, ಬಲು ಮರ್ಯಾದೆಯಿಂದ.
ಭಯ ಸೊನ್ನೆ. ಬಾಗಿಲೂ ಸೊನ್ನೆ.

ಸುಡಾನು ಅಂದೆ.
ಅವಳು ಒಲೆಯ ಕೊಳ್ಳಿ ಸರಿಸಿದಳು.
ಹಗ್ಗದ ಮಂಚದಿಂದ ದಿಲ್ಲೀಸಿಂಗ್ ಮಾವನೇ ಹೇಳಿದ:
ಒಂಬತ್ತು ದಿನ, ಒಂದು ಕೋಣೆ, ಹನ್ನೊಂದು ಜನ,
ಹೊರಗೆ ಗುಂಡು.
ಎಣ್ಣೆ ಬಾಟಲಿ ತೊಳೆದು ಅದರ ಮುಚ್ಚಳದಲ್ಲಿ ನೀರು ಅಳೆದ್ವಿ.
ಇವಳಿಗೆ ಈಗಲೂ ನೀರು ಮೆಂತ್ಯದ ವಾಸನೆ.
ಆ ಸಾಲು ಖಾಲಿ ಬಿಟ್ಟೆ.
ಅಲ್ಲಿನ ಜನ ಒಳ್ಳೆಯವರು, ಅಂದಳು ಅತ್ತೆ ಆಮೇಲೆ,
ಅದನ್ನಾದರೂ ಬರಕೋ.

ಇಂಡಿಯಾ ಹಾಕಲಾ?

ನಕ್ಕಳು. ಪಾಸ್‌ಪೋರ್ಟಿಗೆ ಅಂತ ಠಾಣೆಗೆ ಕರೆಸಿದ್ದರಲ್ಲ,
ಗೌಜಲಹಕ್ಕಿ ಬಲೆ ಕಿತ್ತುಕೊಂಡು
ನಮ್ಮಪ್ಪನ್ನ ಮೂರು ದಿನ ಕೂರಿಸಿದ ಬೆಂಚು ಅಲ್ಲೇ ಐತೆ.
ನನಗೆ ಕುರ್ಚಿ ಕೊಟ್ಟರು.
ನಡತೆ ಒಳ್ಳೇದು ಅಂತ ಬರೆದು, ದನಿ ಇಳಿಸಿ ಕೇಳಿದ ಪೇದೆ:
ಅಮ್ಮಾ, ನಮ್ಮ ಮನೆಯವಳಿಗೂ ಒಂದು ಬಾಟಲಿ ಸಿಗ್ತದಾ?

ಆಮೇಲೆ ಎಣ್ಣೆ ತಿರುವುತ್ತ, ನನಗಲ್ಲ ಎಂಬಂತೆ:
ಅಲ್ಲಿ ಯಾವೂರವಳು ಅಂದರೆ ಇಂಡಿಯಾ ಅಂತೀನಿ,
ಮಾತು ಮುಗೀತದೆ.
ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲೂ ಅದನ್ನೇ ಕೇಳ್ತಾರೆ.
ಅಲ್ಲಿಂದ ಮಾತು ಶುರುವಾಗ್ತದೆ.

ಎಲ್ಲ ಕೂಡಿ, ಭಯ ಕಳೆದು, ಹೇಳಿದೆ:
ಲೆಕ್ಕಕ್ಕೆ ಬಂದರೆ ಮಾಲಿ ಕೊನೆ, ಗ್ಯಾಬೊನು ಎರಡನೇದು,
ಮೊದಲನೇದು ನೀನಿನ್ನೂ ನೋಡದ ಘಾನಾ ಅಂತೆ, ಮಿಠಾಯಿ ಅಣ್ಣ ಅಂದ.
ಅವಳು ನೋಟ್‌ಬುಕ್ಕಿನ ಕಡೆ ನೋಡಲೂ ಇಲ್ಲ.
ಸಕ್ರಿ ಗ್ಯಾಬೊನಲ್ಲಿ ಇದಾಳೆ. ಏಳು ತುಂಬಿತು ಅವಳಿಗೆ.
ಇನ್ನೆಲ್ಲಿಗೆ ಹೋಗಲಿ?

ಸಂಜೆ ರೇಷನ್ ಅಂಗಡಿ ತಕ್ಕಡಿ ಮೇಲೆ ಬ್ಯಾಗು ಇಟ್ಟೆವು.
ಹಳದಿ ಜ್ವರದ ಸೂಜಿ ಚುಚ್ಚಿದ ತೋಳು ಅವಳಿಗಿನ್ನೂ ಭಾರ,
ನಾನೇ ಎತ್ತಿದೆ.
ಇಪ್ಪತ್ಮೂರಕ್ಕೆ ನಿಲ್ಲಬೇಕು. ಇಪ್ಪತ್ನಾಲ್ಕೂವರೆ.
ರಾಗಿಹಿಟ್ಟು ತೆಗೀಲಾ ಅತ್ತೆ?

ಬೇಡ.
ಬಾಟಲಿ ತೆಗಿ.