ಗೀರುಕೋಲು

ಸಾವಿರ ಪೌಂಡಿಗೆ ಅಂಗೈಯಗಲ ಕಚ್ಚು,
ನೂರಕ್ಕೆ ಹೆಬ್ಬೆರಳು, ಇಪ್ಪತ್ತಕ್ಕೆ ಕಿರುಬೆರಳು,
ಒಂದಕ್ಕೆ ಬಲಿತ ಬಾರ್ಲಿಯ ಕಾಳು.
ಪೆನ್ನಿಗೆ ಬರೀ ಗೀರು. ಮರ ಒಂದೆಳೆಯೂ ಕಳೆಯಬಾರದು.
ಇಷ್ಟು ಕಲಿಯಲು ನನಗೆ ಎರಡು ಚಳಿಗಾಲ ಹಿಡಿಯಿತು;
ಮೇಲೊಂದು ಬೆರಳಿನ ತುದಿ.

ಆಮೇಲೆ ಕೋಲನ್ನು ಉದ್ದಕ್ಕೆ ಸೀಳುವುದು.
ಒಂದು ಹೋಳು ದೊರೆಯ ಖಜಾನೆಗೆ,
ಒಂದು ನಮಗೆ, ಕೊಟ್ಟದ್ದಕ್ಕೆ ಸಾಕ್ಷಿ.
ವೆನ್‌ಬರಿ ಮನೆತನದ ಕಥೆ
ಹಾಡುವವರ ಬಾಯಲ್ಲಿ ಹೇಗಿದೆಯೋ, ನಾ ಕಂಡದ್ದು
ಅಟ್ಟದ ಮೇಲಿದ್ದ ಹೇಜಲ್ ಕಡ್ಡಿಗಳ ಕಂತೆಯಲ್ಲಿ.

ಮೂಲಪುರುಷ ಟರ್ಸ್ಟಿನ್, ಕಡಲು ದಾಟುವಾಗ
ಬೆದರಿದ ಕುದುರೆಗಳ ಕಣ್ಣಿಗೆ
ತನ್ನ ಅಂಗಿ ಹರಿದು ಕಟ್ಟಿದನಂತೆ.
ಅಷ್ಟಕ್ಕೇ ದೊರೆ ಕೊಟ್ಟದ್ದು ಹನ್ನೊಂದು ಹಳ್ಳಿ,
ಎರಡು ನೀರುಗಿರಣಿ, ಸತ್ತ ಯಾರದೋ ಹೆಂಡತಿ.
ಹಳ್ಳಿಗಳಲ್ಲಿ ಮೊದಲಿದ್ದವರ ನುಡಿ ಬೇರೆ.
ನಮ್ಮಜ್ಜಿಯದೂ ಅದೇ; ಬೈಯುವಾಗ ಮಾತ್ರ ಆಡುತ್ತಿದ್ದಳು.

ಅವನ ಮೊಮ್ಮಗ ಗುಡ್ಡದ ಮೇಲೆ ಕಲ್ಲುಕೋಟೆ ಎಬ್ಬಿಸಿದ.
ಆ ಮೊಮ್ಮಗನ ಮಗ ಫಲ್ಕ್, ಹಬ್ಬದೂಟದಲ್ಲಿ
ದೊರೆಯಾಡಿದ ಹಾಸ್ಯಕ್ಕೆ ನಕ್ಕ,
ನಗಬೇಕಾದ್ದಕ್ಕಿಂತ ತುಸು ತಡವಾಗಿ.
ಬೇಸಗೆ ಮುಗಿಯುವುದರೊಳಗೆ ಹಾರೆ ಗುದ್ದಲಿ ಬಂದವು.
ಕೋಟೆ ಕೆಡವಿದ ಆಳುಗಳ ಕೂಲಿ
ನಮ್ಮ ಲೆಕ್ಕಕ್ಕೇ ಬಿತ್ತು:
ಮೂರು ಕಿರುಬೆರಳು, ನಾಲ್ಕು ಕಾಳು.
ಕತ್ತಲಲ್ಲೂ ನನ್ನ ಕೈ ಆ ಕೋಲನ್ನು ಗುರುತಿಸುತ್ತಿತ್ತು.

ಫಲ್ಕ್ ಸತ್ತದ್ದು ಯುದ್ಧದಲ್ಲಲ್ಲ, ಹಲ್ಲುನೋವಿನಲ್ಲಿ.
ತಲೆದೆಸೆಯ ಮೇಣದಬತ್ತಿ ಅರ್ಧ ಉರಿದಿರಲಿಲ್ಲ,
ಓಲೆ ಬಂತು: ವಿಧವೆ ಹಾವೀಸಳ ಕೈ ದೊರೆ ಕೊಟ್ಟವರಿಗೆ;
ಮಗಳು ಅಮಾಬೆಲಳ ಪಾಲನೆ, ಕೊಂಡವರಿಗೆ.
ಮದುವೆಗೆಂದು ಹಣ ತೆತ್ತವರನ್ನು ಕಂಡಿದ್ದೆ.
ಮದುವೆಯಾಗದೆ ಉಳಿಯಲು ತೆತ್ತವಳನ್ನು ಅಂದೇ ಕಂಡದ್ದು.
ಎರಡು ಹೆಬ್ಬೆರಳು. ಕೆತ್ತುವಾಗ ಪಕ್ಕದಲ್ಲೇ ನಿಂತು
"ಆಳವಾಗಿ ಕೊಯ್ಯಿ, ಓಸ್ಬರ್ನ್," ಎಂದಳು,
"ಕುರುಡನಿಗೂ ತಿಳಿಯಲಿ."

ಮಗಳ ಬಾಬತ್ತಿಗೆ ದುಡ್ಡು ಸಾಲಲಿಲ್ಲ.
ಏಳು ವರ್ಷದವಳನ್ನು ಹೇಸರಗತ್ತೆಯ ಮೇಲೆ ಕೂರಿಸುವಾಗ
ಕೇಳಿದ್ದೊಂದೇ: ಬೇಟೆನಾಯಿ ಈದರೆ
ಕುಂಟು ಮರಿಯನ್ನು ಹೊಳೆಗೆ ಹಾಕಬೇಡಿ.
ಹಾಕಲಿಲ್ಲ.

ಹನ್ನೆರಡು ವರ್ಷದ ಮೇಲೆ, ಹಿಮ ಸುರಿಯುವ ರಾತ್ರಿ
ಬಂದಳು, ಎರಡು ಸಲ ವಿಧವೆ, ತುಟಿ ನೀಲಿ,
ಮೈಮೇಲೆ ಯಾವನೋ ಸಿಪಾಯಿಯ ಕಂಬಳಿ.
ಕಾಡು ದೊರೆಯದು; ಬಿದ್ದ ಕೊಂಬೆ ಹೆಕ್ಕಿದರೂ ದಂಡ.
ಬೆಂಚು ಮುರಿದೆವು, ಗಿಡುಗ ಕೂರುವ ಗೂಟ ಮುರಿದೆವು,
ನಡುರಾತ್ರಿಗೆ ಅದೂ ಬೂದಿ.
ಹಾವೀಸ್ ತಾನೇ ಏಣಿ ಹತ್ತಿ ಕಂತೆ ಇಳಿಸಿದಳು.
ಅಡ್ಡ ನಿಂತೆ. ಅಮ್ಮಾ, ಇವು ಸುಟ್ಟರೆ
ಕೊಟ್ಟದ್ದೆಲ್ಲ ಕೊಡದೇ ಇದ್ದ ಹಾಗೆ.
ನನ್ನನ್ನು ಬಳಸಿಕೊಂಡು ಒಲೆಯ ಕಡೆ ಹೋದಳು, ಅಷ್ಟೆ.
ನೂರು ವರ್ಷ ಒಣಗಿದ ಕಡ್ಡಿ,
ಅಯ್ಯೋ, ಎಷ್ಟು ಚೆನ್ನಾಗಿ ಉರಿದವು!
ಹುಡುಗಿಯ ಬೆರಳಿಗೆ ಬಣ್ಣ ಬಂತು, ಒಂದೊಂದಾಗಿ;
ನಾನು ಎಣಿಸುತ್ತಿದ್ದೆ, ಅಭ್ಯಾಸಬಲ.

ಮಿಕೆಲ್ಮಸ್ ಹಬ್ಬಕ್ಕೆ ಶೆರೀಫ್ ಬಂದ.
ನಿಮ್ಮ ಹೋಳುಗಳೆಲ್ಲಿ ಎಂದ. ಹಾವೀಸ್
ಎರಡೂ ಕೈ ಮುಂದೆ ಚಾಚಿದಳು, ಬಿಚ್ಚಿ.
ಸಾವಿರಕ್ಕೆ ಅಂಗೈಯಗಲ.
ಅವನಿಗೆ ಹೊಳೆಯಲಿಲ್ಲ. ಗುಮಾಸ್ತ ಮಾತ್ರ ತಲೆ ತಗ್ಗಿಸಿ
ಚರ್ಮದ ಸುರುಳಿಯಲ್ಲಿ ಬರೆದುಕೊಂಡ: ಬಾಕಿ ಇದೆ.

ಅವರ ಕುದುರೆಗಳಿಗೆ ಹುಲ್ಲು ಹಾಕಿದವ ನಾನು.
ಲಾಯದ ಬಾಗಿಲವಾಡದಲ್ಲಿ
ಅದಕ್ಕೂ ಒಂದು ಗೀರು ಇದೆ. ಮರ ಕಳೆದಿಲ್ಲ.